ಶಾಂಪೂ ಬಾಟಲಿಯ ಹಿಂಬದಿ

ಹೋದ ವರ್ಷ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂದಿತ್ತು. ಹತ್ತು ದಿನ ರಜೆ, ಆಮೇಲೆ ಎರಡು ವಾರ ಮನೆಯಿಂದಲೇ ಕೆಲಸ. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ದೀಪಾವಳಿ ಹೊತ್ತಿಗೆ ಬಚ್ಚಲಿನ ಜಾಲರಿಯಲ್ಲಿ ಕೂದಲು ಕಟ್ಟಿಕೊಳ್ಳೋಕೆ ಶುರುವಾಯ್ತು. ದಿಂಬಿನ ಮೇಲೆ, ಕೀಬೋರ್ಡಿನ ಸಂದಿಯಲ್ಲಿ, ಹೆಲ್ಮೆಟ್ಟಿನ ಒಳಗೆ, ಎಲ್ಲಿ ನೋಡಿದ್ರೂ ನನ್ನದೇ ಕೂದಲು. ಅಮ್ಮ ಫೋನಿನಲ್ಲಿ "ಎಲ್ಲಾ ಆ ಬೆಂಗಳೂರು ನೀರು ಕಣೋ" ಅಂದಳು. ಆಫೀಸಿನ ಗೆಳೆಯರು ಒಬ್ಬೊಬ್ಬರು ಒಂದೊಂದು ಲಿಂಕ್ ಕಳಿಸಿದರು. ತಿಂಗಳೊಳಗೆ ಬಚ್ಚಲಿನ ಗೂಡಿನಲ್ಲಿ ಐದು ಬಾಟಲಿ: ಈರುಳ್ಳಿಯದ್ದು, ಕೆರಾಟಿನ್‌ನದ್ದು, ಸಲ್ಫೇಟ್ ಇಲ್ಲದ್ದು, ಪ್ಯಾರಾಬೆನ್ ಇಲ್ಲದ್ದು, ಯಾವುದು ಇದೆ ಯಾವುದು ಇಲ್ಲ ಅಂತ ಗೊತ್ತೇ ಆಗದ್ದು. ಖರ್ಚು ಮೂರು ಸಾವಿರ ದಾಟಿತ್ತು.

ಆ ತಿಂಗಳು ಕಟಿಂಗ್‌ಗೆ ಹೋದೆ. ನಮ್ಮ ಏರಿಯಾದ ಏಸಿ ಸಲೂನಿನಲ್ಲಿ ನನಗೆ ಯಾವಾಗಲೂ ಕತ್ತರಿ ಹಾಕುವ ಹುಡುಗ ಮಂಡ್ಯ ಕಡೆಯವನು. ಕತ್ತರಿ ಎತ್ತುವ ಮೊದಲು ಅವನು ಸುಮ್ಮನೆ ಒಮ್ಮೆ ಬೆರಳಾಡಿಸ್ತಾನೆ. ಅವತ್ತು ಬೆರಳಿಗೆ ಏಳೆಂಟು ಕೂದಲು ಬಂತು. ಒಂದನ್ನ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ.

"ಬುಡದಲ್ಲಿ ಬಿಳೀ ಗುಂಡಿ ಥರ ಇದೆ ನೋಡಿ ಸಾರ್. ಇದು ಬೇರಿಂದ ಬಂದಿರೋದು, ಮಧ್ಯೆ ಮುರಿದಿದ್ದಲ್ಲ. ಎರಡು ಮೂರು ತಿಂಗಳ ಹಿಂದೆ ಜೋರು ಜ್ವರ ಏನಾದ್ರೂ ಬಂದಿತ್ತಾ?"

ನಾನು ಬೆಚ್ಚಿಬಿದ್ದೆ. ಐದು ಬಾಟಲಿಯಲ್ಲಿ ಒಂದೂ ನನ್ನನ್ನ ಕೇಳದ ಪ್ರಶ್ನೆ ಅದು. ಜ್ವರದ ಆಘಾತಕ್ಕೆ ಬೆಳೀತಾ ಇರುವ ಬಹಳಷ್ಟು ಕೂದಲು ಒಟ್ಟಿಗೆ ಬೆಳೆಯೋದನ್ನ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತೆ. ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತೆ. ಹೆರಿಗೆಯಾದ ಕೆಲವು ತಿಂಗಳಿಗೆ ಹೆಂಗಸರಿಗೆ ಉದುರೋದೂ ಇದೇ ಥರ. ಬೇರು ಸತ್ತಿರೋದಿಲ್ಲ, ಸಾಮಾನ್ಯವಾಗಿ ತಾನಾಗೇ ಮತ್ತೆ ಬರುತ್ತೆ. ಅವನು ಇಷ್ಟೆಲ್ಲ ವಿವರಿಸಲಿಲ್ಲ. ದನಿ ತಗ್ಗಿಸಿ ಹೇಳಿದ್ದು ಇಷ್ಟೇ: "ಏನೂ ತಗೋಬೇಡಿ ಸಾರ್. ಚೆನ್ನಾಗಿ ಊಟ ಮಾಡಿ. ಆರು ತಿಂಗಳಾದ್ರೂ ನಿಲ್ಲದಿದ್ರೆ, ಇಲ್ಲಾ ಅಲ್ಲಲ್ಲಿ ಬಿಲ್ಲೆ ಥರ ಹೋದ್ರೆ, ಚರ್ಮದ ಡಾಕ್ಟ್ರಿಗೆ ತೋರ್ಸಿ."

ದನಿ ಯಾಕೆ ತಗ್ಗಿಸಿದ ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ಬಾಟಲಿಯ ವಿಷಯ.

ಮನೆಗೆ ಬಂದು ಐದನ್ನೂ ಸಾಲಾಗಿಟ್ಟು, ಕೋಡ್ ರಿವ್ಯೂ ಮಾಡೋ ಹಾಗೆ ಓದಿದೆ. ಒಂದರ ಮುಂಭಾಗದಲ್ಲಿ, ಕೂದಲುದುರುವುದು ಇಷ್ಟು ಪರ್ಸೆಂಟ್ ಕಡಿಮೆ ಅಂತ ದಪ್ಪಕ್ಷರ. ಅಂಕಿಯ ತಲೆ ಮೇಲೆ ಸಾಸಿವೆಯಷ್ಟು ನಕ್ಷತ್ರ. ಆ ನಕ್ಷತ್ರ ಹಿಂಬದಿಯಲ್ಲಿ, ಬಾರ್‌ಕೋಡ್ ಪಕ್ಕ, ಮತ್ತೆ ಸಿಕ್ತು. ಕೂದಲು ತುಂಡಾಗುವುದರಿಂದ ಆಗುವ ಉದುರುವಿಕೆ ಮಾತ್ರ, ಅದೂ ಕಂಡೀಷನರ್ ಅಂಶವಿಲ್ಲದ ಶಾಂಪೂಗೆ ಹೋಲಿಸಿದರೆ, ಅನ್ನೋದು ಅದರ ಅರ್ಥ.

ಅಂದ್ರೆ ಅವರು ಸುಳ್ಳು ಹೇಳಿಲ್ಲ. ನಾವು ರಿಪೋರ್ಟ್ ಮಾಡಿದ ಬಗ್ ಒಂದು, ಅವರು ಕ್ಲೋಸ್ ಮಾಡಿದ್ದು ಇನ್ನೊಂದು. ಒಣಗಿ ಒರಟಾದ ಕೂದಲಿಗೆ ಡೈಮೆಥಿಕೋನ್‌ನಂಥ ಸಿಲಿಕೋನ್ ಲೇಪ ಕೊಟ್ರೆ ಬಾಚಣಿಗೆ ಸಲೀಸಾಗಿ ಇಳಿಯುತ್ತೆ, ಕಡಿಮೆ ತುಂಡಾಗುತ್ತೆ. ಒಳ್ಳೇದೇ. ಆದರೆ ಅಂಗಡಿಯಲ್ಲಿ ಆ ಬಾಟಲಿಗೆ ಕೈ ಹಾಕುವವನ ಭಯ ತುಂಡಾಗೋದರ ಬಗ್ಗೆ ಅಲ್ಲವಲ್ಲ. ಅವನ ಭಯ ಹಣೆ ಮೇಲಕ್ಕೆ ಹೋಗ್ತಿರೋದರ ಬಗ್ಗೆ, ಮದುವೆ ಫೋಟೋ ಬಗ್ಗೆ. ಜಾಹೀರಾತಿನ ವ್ಯಾಪಾರ ನಡೆಯೋದು ಈ ಎರಡು ಉದುರುವಿಕೆಗಳ ನಡುವಿನ ಸಂದಿಯಲ್ಲಿ. ಆ ಹುಡುಗ ಟ್ಯೂಬ್‌ಲೈಟಿನಲ್ಲಿ ನೋಡಿದ್ದು ಸರಿಯಾಗಿ ಆ ಸಂದಿಯನ್ನೇ.

ಇನ್ನು ಪದಾರ್ಥಗಳ ಪಟ್ಟಿ. ಹೆಚ್ಚು ಇರೋದು ಮೊದಲು, ಕಡಿಮೆ ಇರೋದು ಆಮೇಲೆ, ಶೇಕಡಾ 1ಕ್ಕಿಂತ ಕಡಿಮೆ ಇರೋವು ಹೇಗೆ ಬೇಕಾದ್ರೂ. ಮೊದಲನೆಯದು ನೀರು, ಆಮೇಲೆ ನೊರೆ ಬರಿಸಿ ಜಿಡ್ಡು ತೆಗೆಯುವ ಮಾರ್ಜಕ. ಬಾಟಲಿ ತುಂಬ ಚಿತ್ರವಾಗಿದ್ದ ಈರುಳ್ಳಿ ನನಗೆ ಸಿಕ್ಕಿದ್ದು ಸುಗಂಧದಿಂದಲೂ ಕೆಳಗೆ, ಬಣ್ಣದ ಪಕ್ಕದಲ್ಲಿ. ನಮ್ಮೂರ ಹೋಟೆಲಿನ ಸಾಂಬಾರಿನಲ್ಲಿ ಅದಕ್ಕಿಂತ ಜಾಸ್ತಿ ಈರುಳ್ಳಿ ಇರುತ್ತೆ. 'ಡ್ಯಾಮೇಜ್ ರಿಪೇರಿ' ಅನ್ನೋದೂ ಹೀಗೇ. ತಲೆಯಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಸೀಳಿದ ತುದಿ ಮತ್ತೆ ಕೂಡಲ್ಲ. ಲೇಪ ಅಂಟಿಸಿಡುತ್ತೆ ಅಷ್ಟೇ. ಸೀಳಿದ ತುದಿಗೆ ಮದ್ದು ಕತ್ತರಿ.

ಹಾಗಾದ್ರೆ ಆರಿಸೋದು ಹೇಗೆ? ಆಮೇಲಿನ ಕಟಿಂಗ್‌ಗಳಲ್ಲಿ ಕೇಳಿ ಕೇಳಿ ನಾನು ತಿಳ್ಕೊಂಡಿದ್ದು ಇದು. ಶಾಂಪೂ ನೆತ್ತಿಯ ಚರ್ಮ ನೋಡಿ ಆರಿಸಬೇಕು, ಕಂಡೀಷನರ್ ಕೂದಲ ತುದಿ ನೋಡಿ. ಹಚ್ಚೋದೂ ಹಾಗೇ: ಶಾಂಪೂ ಬುಡಕ್ಕೆ, ಕಂಡೀಷನರ್ ತುದಿಗೆ. ದಿನಾ ಹೆಲ್ಮೆಟ್ ಹಾಕಿ ಬೆವರುವ, ಜಿಡ್ಡು ನೆತ್ತಿಯವರಿಗೆ ಸಲ್ಫೇಟ್ ಇರೋ ಮಾಮೂಲಿ ಶಾಂಪೂ ಸಾಕು. ಬಣ್ಣ ಹಾಕಿಸಿದವರು, ಗುಂಗುರು ಅಥವಾ ಒಣ ಕೂದಲಿನವರು ಸಲ್ಫೇಟ್ ಇಲ್ಲದ್ದಕ್ಕೆ ಹೆಚ್ಚು ಕೊಟ್ರೆ ಅರ್ಥ ಇದೆ. ಹೊಟ್ಟಿದ್ರೆ ಕೀಟೊಕೊನಜೋಲ್‌ನಂಥ ಔಷಧಿ ಅಂಶದ ಹೆಸರು ಹುಡುಕಬೇಕು. ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು, ತಕ್ಷಣ ತೊಳೆದ್ರೆ ದುಡ್ಡು ಮೋರಿಗೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದ್ರೆ ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂದಲ ಮೇಲೆ ಕೂತು ಒರಟು ಮಾಡುತ್ತೆ. ಪಟ್ಟಿಯಲ್ಲಿ ಇಡಿಟಿಎ ಇದ್ರೆ ಅದು ಆ ಲೋಹಗಳನ್ನ ಹಿಡ್ಕೊಳ್ಳೋಕೆ. ಅಮ್ಮನ ಮಾತು ಪೂರ್ತಿ ಸುಳ್ಳಲ್ಲ, ಆದರೆ ನನ್ನ ಕೂದಲು ಉದುರಿದ್ದು ನೀರಿಂದಲ್ಲ.

ಇಷ್ಟಾದ ಮೇಲೆ 'ನಮ್ಮ ಅಜ್ಜಿ ಕಾಲದ ಸೀಗೇಕಾಯಿನೇ ವಾಸಿ' ಅನ್ನೋರು ಬರ್ತಾರೆ. ಸೀಗೆ, ಅಂಟುವಾಳ ಜಿಡ್ಡು ತೆಗೆಯೋದು ನಿಜ. ಕಣ್ಣಿಗೆ ಬಿದ್ದ ಸೀಗೆಪುಡಿಯ ಉರಿಯನ್ನ ಶನಿವಾರ ಶನಿವಾರ ಅನುಭವಿಸಿದವನು ನಾನು. ಊರಿನ ಶೆಟ್ಟರ ಅಂಗಡಿಯಲ್ಲಿ ಚಿಕ್ ಶಾಂಪೂ ಸ್ಯಾಶೆಗಳು ತೋರಣದ ಹಾಗೆ ನೇತಾಡೋಕೆ ಶುರುವಾದಾಗ ನನ್ನ ಅಕ್ಕನಿಗಾದ ಖುಷಿ ಮರೆತಿಲ್ಲ. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಶುರುವಾದ ಆ ಪುಟ್ಟ ಪೊಟ್ಟಣದ ವ್ಯಾಪಾರ ನಮ್ಮಂಥ ಹಳ್ಳಿ ಮನೆಗಳಿಗೂ ಶಾಂಪೂ ತಲುಪಿಸ್ತು. ಹಿಂದಕ್ಕೆ ಹೋಗೋ ಆಸೆ ನನಗಿಲ್ಲ.

ಹಿಂದಕ್ಕೆ ಹೋಗಬಾರದು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ನಮ್ಮೂರಲ್ಲಿ ಕ್ಷೌರಕ್ಕೆ ಬರ್ತಿದ್ದವರು ಹಿತ್ತಲ ಹೊಂಗೆ ಮರದ ಕೆಳಗೆ ಕೂರ್ತಿದ್ರು. ವರ್ಷಕ್ಕೊಮ್ಮೆ ಕಣದಲ್ಲಿ ಆಯ ಅಂತ ರಾಗಿ ಅಳೆದು ಕೊಡ್ತಿದ್ವಿ. ಯಾರಿಗೆ ಹೊಟ್ಟು, ಯಾರಿಗೆ ಹುಳುಕಡ್ಡಿ, ಯಾರ ಮಗುವಿನ ತಲೆಯಲ್ಲಿ ಗಾಯ, ಎಲ್ಲ ಅವರಿಗೆ ಗೊತ್ತಿತ್ತು. ಆದರೆ ನಮ್ಮ ಹೊಸ್ತಿಲು ದಾಟಿ ಅವರು ಒಳಗೆ ಬಂದದ್ದನ್ನ ನಾನು ನೋಡಲಿಲ್ಲ. ಅವರ ಕಸುಬಿನ ಹೆಸರು ನಮ್ಮ ಶಾಲೆಯಲ್ಲಿ ಬೈಗುಳವಾಗಿತ್ತು. ನಾನೂ ಬೈದಿದ್ದೀನಿ.

ಈಗ ನಾವೇ ಅಪಾಯಿಂಟ್‌ಮೆಂಟ್ ತಗೊಂಡು ಅವರ ಕುರ್ಚಿಯಲ್ಲಿ ಕೂರ್ತೀವಿ. ಬೈಗುಳ ಹೋಗಿ 'ಹೇರ್ ಸ್ಟೈಲಿಸ್ಟ್' ಅನ್ನೋ ಹೆಸರು ಬಂದಿದೆ. ತಿಳಿವಳಿಕೆಗೆ ಮಾತ್ರ ಇನ್ನೂ ಬೆಲೆ ಬಂದಿಲ್ಲ. ಶಾಂಪೂ ಅನ್ನೋ ಪದ ಹುಟ್ಟಿದ್ದೇ ಒತ್ತು, ನೀವು ಅನ್ನೋ ಅರ್ಥದ ಹಿಂದಿಯ 'ಚಾಂಪೋ'ದಿಂದ. ಪಟ್ನಾದ ಸೇಕ್ ದೀನ್ ಮಹಮ್ಮದ್ 1814ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ನಾನಗೃಹ ತೆರೆದಾಗ ಜನ ದುಡ್ಡು ಕೊಟ್ಟಿದ್ದು ಕೈಕೆಲಸಕ್ಕೆ. ಇವತ್ತು ಕೈ ಹಿಂದೆ ಸರಿದು ಬಾಟಲಿ ಮುಂದೆ ನಿಂತಿದೆ.

ಆ ಹುಡುಗ ದನಿ ತಗ್ಗಿಸಿದ್ದು ಅದಕ್ಕೇ. ತಿಂಗಳಿಗೆ ಇಷ್ಟು ಬಾಟಲಿ ಮಾರಬೇಕು ಅಂತ ಅವನಿಗೆ ಟಾರ್ಗೆಟ್. ಮಾರಿದ್ರೆ ಇನ್ಸೆಂಟಿವ್, ಇಲ್ಲಾಂದ್ರೆ ತಿಂಗಳ ಕೊನೆಗೆ ಮ್ಯಾನೇಜರ್ ಹತ್ರ ಮಾತು. 'ಏನೂ ತಗೋಬೇಡಿ' ಅಂತ ನನಗೆ ಹೇಳಿದ್ದು ಅವನ ಜೇಬಿನ ದುಡ್ಡಲ್ಲಿ. ಹಾಗಾಗಿ ಸಲೂನಿನಲ್ಲಿ ಯಾರಾದ್ರೂ ಬಾಟಲಿ ತೋರಿಸಿದ್ರೆ ರೇಗಬೇಡಿ. ನಿಮ್ಮ ನೆತ್ತಿ ನೋಡಿ ಮಾತಾಡ್ತಿದ್ದಾರಾ, ಕಪಾಟು ನೋಡಿ ಮಾತಾಡ್ತಿದ್ದಾರಾ ಅಂತ ಗಮನಿಸಿ. ನೆತ್ತಿ ನೋಡಿ ಹೇಳುವವರು ಸಿಕ್ಕಿದ್ರೆ ಅವರನ್ನ ಬಿಡಬೇಡಿ, ಕಟಿಂಗ್‌ಗೆ ಹತ್ತು ರೂಪಾಯಿ ಚೌಕಾಸಿ ಮಾಡೋದನ್ನ ಬಿಡಿ.

ಯುಗಾದಿ ಹೊತ್ತಿಗೆ ನನ್ನ ಹಣೆಯ ಅಂಚಿನಲ್ಲಿ ಮೊಳಕೆ ಬಂದ ಹಾಗೆ ಗಿಡ್ಡ ಕೂದಲು ಎದ್ದು ನಿಂತವು. ಮೊನ್ನೆ ಹೋದಾಗ ಕನ್ನಡಿ ಪಕ್ಕ ಹೊಸ ಬಾಟಲಿಗಳ ಸಾಲು ಬಂದಿತ್ತು. ಹೇಗಿದೆ ಇದು ಅಂತ ಕೇಳಿದೆ. ಮ್ಯಾನೇಜರ್ ಕೌಂಟರಿನಲ್ಲೇ ಇದ್ದರು. ಅವನು ಬಾಟಲಿ ತೆಗೆದು, ತಿರುಗಿಸಿ, ಹಿಂಬದಿ ಮುಂದೆ ಮಾಡಿ ನನ್ನ ಕೈಗಿಟ್ಟ. ಬಾಯಲ್ಲಿ ಏನೂ ಹೇಳಲಿಲ್ಲ.