ನಕ್ಷೆ ಹಾಕಿದವರು, ನಡೆಸುವವರು

ಆರ್‌ವಿಗಳನ್ನು, ಅಂದರೆ ಒಳಗೇ ವಾಸಿಸಬಹುದಾದ ಗಾಡಿಗಳನ್ನು, ನಿಲ್ಲಿಸುವ ಅಮೆರಿಕದ ಹಳೆಯ ಸದಸ್ಯತ್ವದ ಕ್ಯಾಂಪ್‌ಗ್ರೌಂಡುಗಳ ಬಗ್ಗೆ ಎರಡು ಮಾತು ಬಹಳ ಕಾಲದಿಂದ ಓಡಾಡುತ್ತಿವೆ. ಅವು ಹಾಳುಬಿದ್ದ ಜಾಗಗಳು, ಹೋಗಿ ಪಶ್ಚಾತ್ತಾಪ ಪಡಬೇಡಿ ಎನ್ನುವುದು ಒಂದು. ವರ್ಷದ ಚಂದಾ ಕಟ್ಟಿದರೆ ಸಾಕು, ಇಷ್ಟು ಅಗ್ಗದ ವಸತಿ ಈ ದೇಶದಲ್ಲೇ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ಹೊಸ ರೆಸಾರ್ಟುಗಳ ರುಚಿ ಹತ್ತಿದವರ ಮಾತು, ಎರಡನೆಯದು ವರ್ಷವಿಡೀ ಗಾಡಿಯಲ್ಲೇ ಬದುಕುವವರದು. ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಎಂಬುದನ್ನು ಬಿಟ್ಟು ಇಬ್ಬರೂ ಬೇರೇನನ್ನೂ ನೋಡುವುದಿಲ್ಲ. ಆ ಜಾಗವನ್ನು ಯಾರೋ ಯೋಚಿಸಿ ಕಟ್ಟಿದ್ದಾರೆ, ಅದಕ್ಕೆ ಅದರದೇ ಗುಣದೋಷಗಳಿವೆ ಎಂಬ ಕಡೆ ಗಮನವೇ ಹರಿದಿಲ್ಲ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ಹಾಕಿದ ಈ ಕ್ಯಾಂಪ್‌ಗ್ರೌಂಡುಗಳ ನಕ್ಷೆಯನ್ನು ಈಚಿನ ಯಾವ ರೆಸಾರ್ಟೂ ಸರಿಗಟ್ಟಿಲ್ಲ. ಅವನ್ನು ನಡೆಸುತ್ತಿರುವ ರೀತಿ ಮಾತ್ರ ಆ ನಕ್ಷೆಗೆ ತಕ್ಕುದಲ್ಲ.

ಹಿನ್ನೆಲೆ ಹಲವರಿಗೆ ಗೊತ್ತಿರುವಂಥದ್ದೇ. ದಿನದ ಬಾಡಿಗೆಗೆ ಜಾಗ ಕೊಡುವ ಕೆಒಎ ಸರಪಳಿ 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಹುಟ್ಟಿತು. ಬೋಯಿಂಗ್‌ನಲ್ಲಿ ದುಡಿದಿದ್ದ, ಮುಂದೆ ಹೊರೈಜನ್ ಏರ್ ಎಂಬ ವಿಮಾನ ಕಂಪನಿಯನ್ನೂ ಕಟ್ಟಿದ ಮಿಲ್ಟನ್ ಕುವೋಲ್ಟ್ 1969ರಲ್ಲಿ ಥೌಸಂಡ್ ಟ್ರೇಲ್ಸ್ ಶುರುಮಾಡಿದಾಗ ಬೇರೆಯದೇ ದಾರಿ ಹಿಡಿದರು. ದುಡ್ಡು ಕಟ್ಟಿ ಸದಸ್ಯರಾದವರಿಗಷ್ಟೇ ಗೇಟು ತೆರೆಯುತ್ತಿತ್ತು. ಅದರ ಮೊದಲ ಕ್ಯಾಂಪ್‌ಗ್ರೌಂಡು ವಾಷಿಂಗ್ಟನ್ ರಾಜ್ಯದ ಶಿಹೇಲಿಸ್ ಬಳಿಯ ಕಾಡಿನಲ್ಲಿ ಎದ್ದಿತು. ಅದನ್ನು ನೋಡಿ ಹತ್ತಾರು ಕಂಪನಿಗಳು ಹುಟ್ಟಿದವು. ಉಡುಗೊರೆಯ ಆಸೆ ತೋರಿಸಿ ಕರೆತಂದು, ಗಂಟೆಗಟ್ಟಲೆ ಕೂರಿಸಿ ಸದಸ್ಯತ್ವ ಮಾರುವ ಚಾಳಿಯೂ ಬೆಳೆಯಿತು. ಈ ಮಾರಾಟಕ್ಕೆ ಮೂಗುದಾರ ಹಾಕಲೆಂದೇ ವಾಷಿಂಗ್ಟನ್ ರಾಜ್ಯ 1982ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಕೈಯಿಂದ ಕೈಗೆ ಹೋದ ಥೌಸಂಡ್ ಟ್ರೇಲ್ಸ್‌ನ ಆಡಳಿತ 2008ರಲ್ಲಿ ಷಿಕಾಗೋದ ಈಕ್ವಿಟಿ ಲೈಫ್‌ಸ್ಟೈಲ್ ಪ್ರಾಪರ್ಟೀಸ್ ಎಂಬ ರಿಯಲ್ ಎಸ್ಟೇಟ್ ಸಂಸ್ಥೆಯ ಪಾಲಾಯಿತು. ಇಷ್ಟು ಸಾಕು.

ನಾನು ನಿಧಾನವಾಗಿ ನೋಡಬೇಕೆಂದಿರುವುದು ಒಂದೇ ಸಂಗತಿಯನ್ನು: ಒಳಗೆ ಬಂದವರು ತಮ್ಮ ಜಾಗವನ್ನು ಆರಿಸಿಕೊಳ್ಳುವ ಬಗೆ. ಹೊಸ ರೆಸಾರ್ಟಿನಲ್ಲಿ ನಂಬರು ಮೊದಲೇ ನಿಗದಿಯಾಗಿರುತ್ತದೆ, ನೇರ ಹೋಗಿ ನಿಲ್ಲಿಸುವುದಷ್ಟೇ ಕೆಲಸ. ಹಳೆಯ ಸದಸ್ಯತ್ವದ ಕ್ಯಾಂಪ್‌ಗ್ರೌಂಡುಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ಬುಕ್ ಮಾಡಿದರೆ ಒಳಗೆ ಬರುವ ಹಕ್ಕು ಸಿಗುತ್ತದೆ, ಜಾಗ ಸಿಗುವುದಿಲ್ಲ. ಗೇಟಿನಲ್ಲಿ ಒಂದು ನಕ್ಷೆ ಕೈಗೆ ಕೊಟ್ಟು, ಸುತ್ತಿ ನೋಡಿ, ಖಾಲಿ ಇರುವುದರಲ್ಲಿ ಬೇಕಾದ್ದು ಹಿಡಿಯಿರಿ ಎನ್ನುತ್ತಾರೆ. ಬಂದವರು ಗಾಡಿಯನ್ನು ಬದಿಗೆ ನಿಲ್ಲಿಸಿ ನಡೆಯುತ್ತಾರೆ. ಕೊಂಬೆ ಎಷ್ಟು ತಗ್ಗಿಗೆ ಬಾಗಿದೆ, ನೆಲ ಯಾವ ಕಡೆ ಇಳಿಜಾರು, ಒಳಚರಂಡಿ ಕೊಳವೆಯ ಬಾಯಿ ಗಾಡಿಯ ಟ್ಯಾಂಕಿಗಿಂತ ಎತ್ತರವಾಗಿ ನೀರು ಹರಿಯದೆ ಹೋಗುತ್ತದೆಯೇ, ಮಧ್ಯಾಹ್ನದ ಬಿಸಿಲು ಎಲ್ಲಿಂದ ಬೀಳುತ್ತದೆ, ಎಲ್ಲವನ್ನೂ ನೋಡಬೇಕು. ಈ ಹುಡುಕಾಟವನ್ನು ಅವ್ಯವಸ್ಥೆ ಎಂದು ಬರೆಯುವವರಿದ್ದಾರೆ. ನನಗೆ ಅದು ಈ ಇಡೀ ಪದ್ಧತಿಯ ಅತ್ಯುತ್ತಮ ಭಾಗ. ನೆಲವನ್ನು ಹೀಗೆ ನಡೆದು ನೋಡಿದವರಿಗೇ ನಕ್ಷೆಯ ಜಾಣ್ಮೆ ಕಾಣುವುದು.

ಆ ಜಾಣ್ಮೆ ಯಾವುದು? ಅಮೆರಿಕದ ಆರ್‌ವಿಗಳ ಬಾಗಿಲು ಸಾಮಾನ್ಯವಾಗಿ ಬಲಮಗ್ಗುಲಲ್ಲಿರುತ್ತದೆ. ನೀರು, ಕರೆಂಟು, ಕೊಳಚೆಯ ಪೈಪು ಇವೆಲ್ಲ ಎಡಮಗ್ಗುಲಲ್ಲಿ. ಗಾಡಿಗಳನ್ನು ಒಂದೇ ಸಾಲಿನಲ್ಲಿ, ಒಂದೇ ಮುಖವಾಗಿ ನಿಲ್ಲಿಸಿದರೆ ಪ್ರತಿ ಮನೆಯ ಅಂಗಳವೂ ಪಕ್ಕದ ಮನೆಯ ಕೊಳಚೆ ಪೈಪಿನ ಎದುರಿಗೆ ಬರುತ್ತದೆ. ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವವರ ಕಣ್ಣಿಗೆ ಬೀಳುವುದು ಅದೇ. ಕಾಂಕ್ರೀಟು ಸುರಿದು, ಗೆರೆ ಎಳೆದು, ಗಾಡಿ ಹಿಂದೆ ತಿರುಗಿಸದೆ ನುಗ್ಗಿಸುವಂತೆ ಸಾಲುಗಳನ್ನು ಮಾಡಿ, ತಾಳೆ ಗಿಡ ನೆಟ್ಟ ಎಷ್ಟೋ ದುಬಾರಿ ರೆಸಾರ್ಟುಗಳಲ್ಲಿ ಪರಿಸ್ಥಿತಿ ಹೀಗೇ ಇದೆ. ಅವಕ್ಕೆ ಐದು ನಕ್ಷತ್ರ ಬೀಳುತ್ತವೆ.

ಹಳೆಯ ನಕ್ಷೆಗಾರರು ಈ ತೊಡಕನ್ನು ನೆಲದಲ್ಲೇ ಬಿಡಿಸಿದ್ದಾರೆ. ರಸ್ತೆಯನ್ನು ಬಳೆಯಂತೆ ಸುತ್ತಿಸಿ ಒಂದೇ ದಿಕ್ಕಿಗೆ ಹರಿಸಿದರು. ಇದಕ್ಕೆ ಲೂಪ್ ಎಂದೇ ಹೆಸರು. ಲೂಪಿನ ಹೊರಗೂ ಒಳಗೂ ಜಾಗಗಳನ್ನು ಓರೆಯಾಗಿ ಕೊರೆದರು. ಓರೆಯಿದ್ದರೆ ಗಾಡಿಯನ್ನು ಹಿಂದಕ್ಕೆ ಬಿಡುವುದು ಸುಲಭ. ಅದಕ್ಕಿಂತ ಮುಖ್ಯವಾಗಿ, ಬಾಗಿಲು ತೆರೆದಾಗ ನೋಟ ಪಕ್ಕದವರ ಗೋಡೆಗೆ ನೇರ ಬಡಿಯದೆ ಕಾಡಿನ ಕಡೆಗೆ ಜಾರುತ್ತದೆ. ಎರಡು ಜಾಗಗಳ ನಡುವೆ ಫರ್ ಮರಗಳನ್ನೂ ಅವುಗಳ ಬುಡದ ಜರೀಗಿಡದ ಪೊದೆಗಳನ್ನೂ ಕಡಿಯದೆ ಬಿಟ್ಟರು. ಮೇಜನ್ನು ಪೈಪುಗಳಿಂದ ದೂರ, ಗಾಡಿಯ ಹಿಂಬದಿಯ ಮೂಲೆಗೆ ಹಾಕಿದರು. ವಾಷಿಂಗ್ಟನ್ನಿನ ಇಂಥ ಒಂದು ಲೂಪಿನಲ್ಲಿ ಕೂತು ನೋಡಿ. ಎಡಬಲದಲ್ಲಿ ಮನೆಗಳಿವೆಯೆಂದು ಗೊತ್ತಿರುತ್ತದೆ, ಒಗ್ಗರಣೆಯ ಘಾಟೋ ಬೇಕನ್ನಿನ ವಾಸನೆಯೋ ಮೂಗಿಗೆ ಬರುತ್ತದೆ, ಆದರೆ ಯಾರೂ ಯಾರನ್ನೂ ದಿಟ್ಟಿಸಬೇಕಾಗಿಲ್ಲ. ಮಾತು ಬೇಕಾದಾಗ ಎದ್ದು ನಾಲ್ಕು ಹೆಜ್ಜೆ ಹಾಕಿ ರಸ್ತೆಗೆ ಬರಬೇಕು. ಎಲ್ಲರೂ ಅಡ್ಡಾಡುವುದು ಅದೇ ರಸ್ತೆಯಲ್ಲಿ, ಸುತ್ತಿ ಬಂದರೆ ಎದುರಾಗುವುದು ಅದೇ ಮುಖಗಳು. ಮರೆಯನ್ನೂ ನೆರೆಯನ್ನೂ ಒಟ್ಟಿಗೆ ಕೊಡುವುದು ಸುಲಭದ ಕೆಲಸವಲ್ಲ. ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು ಬಡಾವಣೆಗಳಲ್ಲಿ ಸೋತದ್ದು ಇಲ್ಲೇ.

ಹಾಗೆಂದು ಎಲ್ಲ ಸರಿಯಿದೆ ಎನ್ನುತ್ತಿಲ್ಲ. ಆ ನಕ್ಷೆ ಬಂದ ಕಾಲದ ಟ್ರೇಲರುಗಳು ಚಿಕ್ಕವು. ಗೋಡೆಯೇ ಹೊರಕ್ಕೆ ಸರಿದು ಕೋಣೆ ಅಗಲವಾಗುವ ಸ್ಲೈಡ್-ಔಟ್ ವ್ಯವಸ್ಥೆ ಬಂದದ್ದು 1990ರ ಸುಮಾರಿಗೆ. ಇಂದಿನ ನಲವತ್ತು ಅಡಿಯ ಫಿಫ್ತ್ ವೀಲ್ ಟ್ರೇಲರಿಗೆ ಹಳೆಯ ಲೂಪಿನ ತಿರುವು ಇಕ್ಕಟ್ಟು. ಕರೆಂಟಿನ ಮಾತು ಇನ್ನೂ ಗಂಭೀರ. ಹಳೆಯ ಪೆಟ್ಟಿಗೆಗಳಲ್ಲಿರುವುದು 30 ಆಂಪಿನ ಸಾಕೆಟ್, 120 ವೋಲ್ಟಿನಲ್ಲಿ ಅದಕ್ಕೆ ಗರಿಷ್ಠ 3,600 ವ್ಯಾಟ್. ಹೊಸ ದೊಡ್ಡ ಗಾಡಿಗಳು ಕೇಳುವ 50 ಆಂಪಿನದು 12,000 ವ್ಯಾಟ್ ಕೊಡುತ್ತದೆ. ಚಾವಣಿಯ ಎಸಿ, ಮೈಕ್ರೋವೇವ್, ಬಿಸಿನೀರಿನ ಹೀಟರ್ ಮೂರೂ ಒಟ್ಟಿಗೆ ಓಡಿದರೆ 30 ಆಂಪಿನ ಬ್ರೇಕರ್ ಬೀಳುತ್ತದೆ. ಜುಲೈ ಮಧ್ಯಾಹ್ನ ಇಡೀ ಲೂಪು ಎಸಿ ಹಾಕಿದಾಗ ಹಳೆಯ ತಂತಿಯ ಕೊನೆಯಲ್ಲಿರುವವರಿಗೆ ವೋಲ್ಟೇಜು ಕುಸಿಯುತ್ತದೆ. ಸುಮಾರು 104 ವೋಲ್ಟಿಗಿಂತ ಕೆಳಗಿಳಿದರೆ ಗಾಡಿಗೆ ಸಿಕ್ಕಿಸಿದ ರಕ್ಷಣಾ ಸಾಧನ ತಾನೇ ಕರೆಂಟು ಕಡಿದುಹಾಕುತ್ತದೆ. ಅದಿಲ್ಲದವರ ಎಸಿ ಮೋಟರು ಹೆಚ್ಚು ಕರೆಂಟು ಎಳೆದು, ಕಾದು ಸುಡುತ್ತದೆ. ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದರೆ ಸಾಕೆಟ್ಟಿನ ತೂತುಗಳ ಸುತ್ತ ಪ್ಲಾಸ್ಟಿಕ್ಕು ಕಂದಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಸಾವಿರ ಪ್ಲಗ್ಗು ಚುಚ್ಚಿ ಕಿತ್ತು ಹಿಡಿತ ಸಡಿಲವಾದ ಲೋಹ ಕಾಯುತ್ತಿರುವ ಗುರುತು ಅದು. ಇದಕ್ಕೆ ವಯಸ್ಸಿನ ನೆಪ ಒಡ್ಡುವುದು ಸರಿಯಲ್ಲ. ಸಾಕೆಟ್ ಬದಲಾಯಿಸಲು ಎಲೆಕ್ಟ್ರಿಷಿಯನ್ನಿಗೆ ಹೆಚ್ಚು ಹೊತ್ತು ಬೇಡ. ಕಾಲುವೆ ತೋಡಿ ದಪ್ಪ ತಂತಿ ಎಳೆಯುವುದಕ್ಕೆ ಖರ್ಚಿದೆ, ಆ ಖರ್ಚಿಗೆಂದೇ ಸದಸ್ಯರು ವರ್ಷ ವರ್ಷ ದುಡ್ಡು ಕಟ್ಟುತ್ತಾರೆ.

ಈಜುಕೊಳದ ಹೆಂಚು ಒಡೆದದ್ದನ್ನು, ವೈಫೈ ಬರದಿದ್ದುದನ್ನು, ಕ್ಲಬ್‌ಹೌಸಿನ ಕಾರ್ಪೆಟ್ಟಿನ ಬಣ್ಣವನ್ನು ಹಿಡಿದು ಜಾಗಕ್ಕೆ ಅಂಕ ಹಾಕುವವರ ಮೇಲೆ ನನಗಿರುವ ತಕರಾರು ಇದೇ. ಸುಡುವ ಸಾಕೆಟ್ಟಿಗೂ ಹಳೆಯ ಕಾರ್ಪೆಟ್ಟಿಗೂ ಅವರ ಲೆಕ್ಕದಲ್ಲಿ ಒಂದೇ ಬೆಲೆ. ಮರ ಹತ್ತಿರವಿದೆ, ರಸ್ತೆ ಕಿರಿದು ಎಂಬ ದೂರನ್ನೂ ಅದೇ ಉಸಿರಿನಲ್ಲಿ ಬರೆಯುತ್ತಾರೆ. ಅಂಥ ದೂರು ಸಾಕಷ್ಟು ಬಿದ್ದರೆ ಆಡಳಿತದವರು ಮರ ಕಡಿದು ರಸ್ತೆ ಅಗಲ ಮಾಡುತ್ತಾರೆ, ಸಾಕೆಟ್ಟು ಹಾಗೇ ಉಳಿಯುತ್ತದೆ.

ಇನ್ನೊಂದು ಬಗೆಯ ವಿಮರ್ಶಕರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಜೆಸ್ಸಿಕಾ ಬ್ರೂಡರ್ ಅವರ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ 2017ರಲ್ಲಿ ಬಂತು, ಅದೇ ಹೆಸರಿನ ಸಿನಿಮಾ ಆಸ್ಕರ್ ಗೆದ್ದಿತು. ಅಲ್ಲಿಂದೀಚೆಗೆ ಆರ್‌ವಿಯಲ್ಲಿ ನೆರೆತಲೆ ಕಂಡರೆ ಸಾಕು, ಕಣ್ಣೀರಿನ ಗದ್ಯ ಹರಿಯುತ್ತದೆ. ಅಮೆಜಾನ್ ಗೋದಾಮಿನಲ್ಲಿ ಋತುಮಾನದ ಕೂಲಿ ಮಾಡುವವರ, ಅರಿಜೋನಾದ ಕ್ವಾರ್ಟ್‌ಸೈಟ್ ಮರುಭೂಮಿಯಲ್ಲಿ ವ್ಯಾನು ನಿಲ್ಲಿಸಿಕೊಂಡವರ ಕಷ್ಟ ನಿಜವಾದದ್ದು. ಬ್ರೂಡರ್ ಅದನ್ನು ಗೌರವದಿಂದ ಬರೆದಿದ್ದಾರೆ. ಆದರೆ ಅವರನ್ನು ಅನುಸರಿಸಿ ಬರೆಯುವವರು ಸದಸ್ಯತ್ವದ ಕ್ಯಾಂಪ್‌ಗ್ರೌಂಡಿನ ಮುದುಕರನ್ನೂ ಅದೇ ಚೌಕಟ್ಟಿಗೆ ತುರುಕುತ್ತಾರೆ. ಊರು ಹೋಗು ಎನ್ನುವ, ಕಾಡು ಬಾ ಎನ್ನುವ ವಯಸ್ಸಿಗೆ ಈ ಜಾಗಗಳನ್ನು ರೂಪಕ ಮಾಡಿಕೊಳ್ಳುತ್ತಾರೆ. ಇಲ್ಲಿರುವವರಲ್ಲಿ ಬಹಳಷ್ಟು ಜನ ಸ್ಕೂಲ್ ಬಸ್ಸು ಓಡಿಸಿದವರು, ವಿಮಾನದ ರೆಕ್ಕೆಗೆ ರಿವೆಟ್ ಹೊಡೆದವರು, ಅಂಚೆ ಹಂಚಿದವರು. ಬುಧವಾರದ ಪಾಟ್‌ಲಕ್ ಊಟಕ್ಕೆ ಯಾರು ಏನು ತರಬೇಕೆಂದು ಪಟ್ಟಿ ಮಾಡುವುದರಲ್ಲಿ, ಬಿಂಗೋ ನಡೆಸುವುದರಲ್ಲಿ, ಹೊಸಬರ ಗಾಡಿ ಹಿಂದಕ್ಕೆ ಬರುವಾಗ ಕೈಯಾಡಿಸಿ ದಾರಿ ತೋರುವುದರಲ್ಲಿ ಅವರಿಗೆ ಪುರುಸೊತ್ತಿಲ್ಲ.

ಕನ್ನಡದ ಅಮೆರಿಕ ಪ್ರವಾಸ ಕಥನಗಳೂ ಈ ವಿಷಯದಲ್ಲಿ ನಿರಾಶೆ ತರುತ್ತವೆ. ನಯಾಗರಾ, ಗ್ರ್ಯಾಂಡ್ ಕ್ಯಾನ್ಯನ್, ಲಾಸ್ ವೇಗಸ್ ಮುಗಿಸಿ, ಮಗನ ಮನೆಯ ಕಿಟಕಿಯಿಂದ ಕಂಡ ಖಾಲಿ ಬೀದಿಯನ್ನು ವರ್ಣಿಸಿ, ಇಲ್ಲಿನವರಿಗೆ ನೆರೆಹೊರೆಯೇ ಇಲ್ಲ ಎಂದು ತೀರ್ಪು ಕೊಡುವುದು ರೂಢಿಯಾಗಿದೆ. ಬೀದಿ ಖಾಲಿಯಿರುವುದು ನಿಜ. ಅದು ಬಡಾವಣೆಯ ನಕ್ಷೆಯ ದೋಷ, ಜನರ ಸ್ವಭಾವವಲ್ಲ. ಆರು ತಿಂಗಳ ವೀಸಾದ ಮೇಲೆ ಇಲ್ಲಿಗೆ ಬಂದ ನಮ್ಮ ಅತ್ತೆಯವರು ನಮ್ಮ ಮನೆಯಲ್ಲಿದ್ದಾಗ ಟಿವಿಯ ಮುಂದೆ ಮಂಕಾಗಿ ಕೂತಿರುತ್ತಿದ್ದರು. ನಮ್ಮ ಜೊತೆ ಕ್ಯಾಂಪ್‌ಗ್ರೌಂಡಿನ ಲೂಪಿಗೆ ಬಂದ ಮೇಲೆ ಸಂಜೆ ಸೀರೆಯ ಮೇಲೊಂದು ಸ್ವೆಟರು ಹಾಕಿ ಸುತ್ತು ಹೊರಡತೊಡಗಿದರು. ಮೂರನೆಯ ಜಾಗದ ಅಜ್ಜಿಗೂ ಇವರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಆಕೆ ತನ್ನ ಹೆಣಿಗೆ ತೋರಿಸಿದರೆ ಇವರು ಕಡ್ಡಿ ಇಸಿದುಕೊಂಡು ಎರಡು ಸಾಲು ಹಾಕಿ ಕೊಡುತ್ತಿದ್ದರು. “ಇಲ್ಲಿ ಜನ ಇದ್ದಾರಲ್ಲೇ, ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ?” ಎಂದು ನನ್ನನ್ನೇ ಕೇಳಿದರು. ಅಮೆರಿಕನ್ನರ ಒಂಟಿತನದ ಬಗ್ಗೆ ಅಧ್ಯಾಯಗಟ್ಟಲೆ ಬರೆಯುವ ಮೊದಲು ನಮ್ಮ ಲೇಖಕರು ಇಂಥ ಕಡೆ ಎರಡು ವಾರ ಇದ್ದು ನೋಡಬೇಕಿತ್ತು.

ಎರಡು ವಾರ ಎಂದದ್ದಕ್ಕೆ ಕಾರಣವಿದೆ. ಥೌಸಂಡ್ ಟ್ರೇಲ್ಸ್‌ನ ಸಾಮಾನ್ಯ ಪಾಸಿನಲ್ಲಿ ಒಂದು ಕಡೆ 14 ದಿನ ಇದ್ದರೆ ಮುಂದಿನ 7 ದಿನ ಹೊರಗಿರಬೇಕು. 4 ದಿನ ಅಥವಾ ಕಡಿಮೆ ಇದ್ದವರು ನೇರ ಇನ್ನೊಂದು ಪಾರ್ಕಿಗೆ ಹೋಗಬಹುದು. ಹೆಚ್ಚು ದುಡ್ಡಿನ ಸದಸ್ಯತ್ವಕ್ಕೆ ಈ ಹೊರಗಿರುವ ಶಿಕ್ಷೆಯೇ ಇಲ್ಲ. ಈ ಮೇಲು-ಕೀಳು ನನಗೆ ಒಪ್ಪಿಗೆಯಿಲ್ಲ. ಆದರೆ ಇಷ್ಟು ದಿನವಾದ ಮೇಲೆ ಎದ್ದು ಹೋಗಬೇಕೆಂಬ ಮೂಲ ತತ್ವವನ್ನು ನಾನು ಸಮರ್ಥಿಸುತ್ತೇನೆ. ಅದರಿಂದಲೇ ನದಿಯ ಮಗ್ಗುಲಿನ ಜಾಗ ಯಾರ ಸ್ವತ್ತೂ ಆಗದೆ ಕೈ ಬದಲಾಗುತ್ತದೆ. ಈ ತಿಂಗಳು ಅಲ್ಲಿದ್ದವರು ಮುಂದಿನ ಸಲ ಶೌಚಾಲಯದ ಹಿಂದೆ ನಿಲ್ಲಬೇಕಾಗಬಹುದು. ಓರೆ ಜಾಗಗಳ ನಕ್ಷೆ ಮತ್ತು ಸರದಿಯ ನಿಯಮ ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ.

ಆ ಸರದಿಯನ್ನೇ ಈಗ ಆಡಳಿತದವರು ಕೀಳುತ್ತಿದ್ದಾರೆ. ಹಲವು ಪಾರ್ಕುಗಳಲ್ಲಿ ಒಳ್ಳೆಯ ಜಾಗಗಳನ್ನು ಸರದಿಯಿಂದ ತೆಗೆದು ವಾರ್ಷಿಕ ಬಾಡಿಗೆಗೆ ಕೊಡುತ್ತಾರೆ, ಇಲ್ಲವೇ ಅಲ್ಲಿ ಬಾಡಿಗೆಯ ಕ್ಯಾಬಿನ್ನು ನಿಲ್ಲಿಸುತ್ತಾರೆ. ವಾರ್ಷಿಕದವರು ಹಲಗೆಯ ಜಗಲಿ ಕಟ್ಟಿ, ಷೆಡ್ಡು ಹಾಕಿ, ಬೇಲಿ ಎಬ್ಬಿಸುತ್ತಾರೆ. ಬಹಳಷ್ಟು ಷೆಡ್ಡುಗಳು ಯಾರೂ ಇಲ್ಲದೆ ತಿಂಗಳುಗಟ್ಟಲೆ ಬೀಗ ಹಾಕಿಕೊಂಡಿರುತ್ತವೆ. ಜಾಗಗಳ ಹಲವು ಪಟ್ಟು ಸದಸ್ಯತ್ವ ಮಾರಿ ಆಗಿದೆ, ಮಾರಾಟ ನಿಂತೂ ಇಲ್ಲ. ಉಳಿದ ಜಾಗಗಳಿಗಾಗಿ ಸದಸ್ಯರು ಶುಕ್ರವಾರ ಬೆಳಿಗ್ಗೆಯೇ ಗೇಟಿನ ಮುಂದೆ ಸಾಲು ನಿಲ್ಲುತ್ತಾರೆ.

ಇದು ಅನಿವಾರ್ಯ, ಕಾಲದ ಧರ್ಮ ಎನ್ನುವವರಿಗೆ ಆರ್‌ವಿಯವರ ಎಸ್ಕೇಪೀಸ್ ಕ್ಲಬ್ಬನ್ನು ತೋರಿಸಬಹುದು. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಅದನ್ನು ಶುರುಮಾಡಿದರು. ಅದರ ನಂಟಿನ ಸಹಕಾರಿ ಪಾರ್ಕುಗಳಲ್ಲಿ ಪಾಲು ಕೊಂಡ ಸದಸ್ಯರೇ ಮಂಡಳಿ ಆರಿಸುತ್ತಾರೆ, ಖರ್ಚು ನಿರ್ಧರಿಸುತ್ತಾರೆ. ತಾವು ಊರೂರು ಸುತ್ತಲು ಹೋದಾಗ ತಮ್ಮ ಜಾಗವನ್ನು ಬಂದುಹೋಗುವವರಿಗೆ ಬಿಟ್ಟುಕೊಡುವ ಏರ್ಪಾಡೂ ಅಲ್ಲಿದೆ, ಖಾಲಿ ಷೆಡ್ಡಿಗೆ ಬೀಗ ಹಾಕಿಕೊಂಡು ಹೋಗುವ ಪದ್ಧತಿಯಲ್ಲ. ಅಲ್ಲಿನ ಬಹಳಷ್ಟು ಪಾರ್ಕುಗಳಲ್ಲಿ ಫರ್ ಕಾಡಿಲ್ಲ, ನಕ್ಷೆಯೂ ಹೇಳಿಕೊಳ್ಳುವಂಥದ್ದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಸಾಕೆಟ್ಟು ಸುಟ್ಟರೆ ಸಭೆಯಲ್ಲಿ ಎದ್ದು ಕೇಳುವ ಹಕ್ಕು ಅಲ್ಲಿನ ಪಾಲುದಾರರಿಗಿದೆ. ದಶಕಗಟ್ಟಲೆ ದುಡ್ಡು ಕಟ್ಟಿದ ಥೌಸಂಡ್ ಟ್ರೇಲ್ಸ್ ಸದಸ್ಯರಿಗೆ ಅಂಥ ಹಕ್ಕಿಲ್ಲ. ಜಾಗಗಳಿಗೆ ನಕ್ಷತ್ರ ಹಂಚುವ ವಿಮರ್ಶಕರು ಈಜುಕೊಳದ ಹೆಂಚು ಎಣಿಸುವ ಮೊದಲು ಒಂದೊಂದು ಲೂಪಿನಲ್ಲೂ ಎಷ್ಟು ಜಾಗ ಇನ್ನೂ ಸರದಿಯಲ್ಲಿ ಉಳಿದಿದೆ, ಎಷ್ಟು ಬಾಡಿಗೆಗೆ ಹೋಗಿದೆ ಎಂದು ಎಣಿಸಿ ಬರೆಯಲಿ. ಗೇಟಿನಲ್ಲಿ ಕೊಡುವ ನಕ್ಷೆ ಹಿಡಿದು ಒಂದು ಸುತ್ತು ಹಾಕಿದರೆ ಆ ಲೆಕ್ಕ ಸಿಗುತ್ತದೆ.