ಕಾಲೊತ್ತಿದ ಮರುಕ್ಷಣ

ಕಳೆದ ಭಾನುವಾರ ಬೆಳಿಗ್ಗೆ ಬೆನ್ಸನ್ ಟೌನಿನ ನಮ್ಮ ಗೇಟಿನ ಮುಂದೆ 1978ರ ಪ್ರೀಮಿಯರ್ ಪದ್ಮಿನಿ ನಿಂತಲ್ಲೇ ಸಣ್ಣಗೆ ಗುನುಗುತ್ತಿತ್ತು. ಬಾನೆಟ್ ಮೇಲೆ ತುಂಬಿದ ಲೋಟ ಇಟ್ಟರೂ ತುಳುಕದಷ್ಟು ನಯ. ಹಳೆಯ ಕಾರ್ಬುರೇಟರ್ ಬಿಚ್ಚಿ ಹೊಸದನ್ನು ಕೂರಿಸಿ ಒಂದು ಗಂಟೆಯೂ ಆಗಿರಲಿಲ್ಲ. ಕಂಟೋನ್ಮೆಂಟ್ ಸ್ಟೇಷನ್ ಹತ್ತಿರದ ರೈಲ್ವೆ ಅಂಡರ್‌ಬ್ರಿಡ್ಜಿಗೆ ಇಳಿದು, ಆಚೆಯ ಏರಿಗೆ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುಂದಕ್ಕೆ ನುಗ್ಗುವ ಬದಲು ಉಸಿರು ಕಟ್ಟಿದ ಹಾಗೆ ಮುಗ್ಗರಿಸಿತು. ಕಾಲು ಸಡಿಲಿಸಿದೆ, ಮತ್ತೆ ಜೀವ ಬಂತು. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ಮುಗ್ಗರಿಸಿತು.

ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಈ ಅನುಭವ ಒಂದಲ್ಲ ಒಂದು ದಿನ ಆಗಿಯೇ ಆಗುತ್ತದೆ. ಹೊಸ ಕಾರ್ಬುರೇಟರ್ ಹಾಕಿದ ಮೇಲೆ ಐಡ್ಲಿಂಗ್ ಬಂಗಾರ, ಪಿಕಪ್ ಮಾತ್ರ ಇಲ್ಲ. ಆಗ ಹತ್ತರಲ್ಲಿ ಒಂಬತ್ತು ಜನ ಸ್ಕ್ರೂಡ್ರೈವರ್ ಹಿಡಿದು ಮಿಕ್ಸ್ಚರ್ ಸ್ಕ್ರೂ ತಿರುಗಿಸಲು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಪದ್ಮಿನಿಯಂಥ ಗಾಡಿಯಲ್ಲಿ ಆ ಸ್ಕ್ರೂ ಕೆಲಸ ಮಾಡುವುದು ಗಾಡಿ ನಿಂತು ಗುನುಗುವಾಗ. ಏರಿನಲ್ಲಿ ಕಾಲೊತ್ತಿದಾಗ ಎಂಜಿನ್ ಕುಡಿಯುವ ಪೆಟ್ರೋಲು ಆ ದಾರಿಯಲ್ಲಿ ಬರುವುದೇ ಇಲ್ಲ. ಚೆನ್ನಾಗಿದ್ದ ಐಡ್ಲಿಂಗೂ ಕೆಟ್ಟು, ಒಂದು ರೋಗ ಎರಡಾಗುತ್ತದೆ ಅಷ್ಟೆ.

ನೋಡಬೇಕಾದದ್ದು ಕಾಲೊತ್ತಿದ ಆ ಒಂದು ಕ್ಷಣವನ್ನು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಥ್ರಾಟಲ್ ತಟ್ಟನೆ ತೆರೆದರೆ ಹಗುರವಾದ ಗಾಳಿ ಒಂದೇ ಏಟಿಗೆ ಒಳನುಗ್ಗುತ್ತದೆ. ಭಾರವಾದ ಪೆಟ್ರೋಲು ಜೆಟ್ಟಿನಿಂದ ಎದ್ದು ಬರುವಷ್ಟರಲ್ಲಿ ತಡವಾಗಿರುತ್ತದೆ. ಆ ತಡವನ್ನು ತುಂಬಲು ಹೆಚ್ಚುಕಡಿಮೆ ಪ್ರತಿಯೊಂದು ಕಾರ್ಬುರೇಟರ್ ತನ್ನದೇ ಆದ ಒಂದು ಉಪಾಯ ಇಟ್ಟುಕೊಂಡಿರುತ್ತದೆ. ನಿಮ್ಮದರಲ್ಲಿರುವ ಉಪಾಯ ಯಾವುದು, ಅದು ನಡೆಯುತ್ತಿದೆಯೇ ಅನ್ನುವುದನ್ನು ಕಣ್ಣಾರೆ ಕಾಣದೆ ಬೇರೆ ಏನನ್ನೂ ಮುಟ್ಟಬಾರದು.

ಪದ್ಮಿನಿಯ ಸೋಲೆಕ್ಸ್ ಮಾದರಿಯಲ್ಲಿ ಆ ಉಪಾಯ ಆಕ್ಸಿಲರೇಟರ್ ಪಂಪು. ಥ್ರಾಟಲ್ ಅಲುಗಿದೊಡನೆ ಪಕ್ಕದ ಸಣ್ಣ ಸನ್ನೆ ಒಂದು ಡಯಾಫ್ರಾಮನ್ನು ಒತ್ತಿ, ಗಂಟಲಿನೊಳಗೆ ಪೆಟ್ರೋಲು ಚಿಮ್ಮಿಸುತ್ತದೆ. ಎಂಜಿನ್ ನಿಲ್ಲಿಸಿ ಪೂರ್ತಿ ತಣ್ಣಗಾಗಲು ಬಿಟ್ಟೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿ ಇಟ್ಟುಕೊಂಡು ಏರ್ ಫಿಲ್ಟರ್ ತೆಗೆದೆ. ಟಾರ್ಚ್ ಬಿಟ್ಟು ಗಂಟಲೊಳಗೆ ನೋಡುತ್ತಾ ಥ್ರಾಟಲನ್ನು ಕೈಯಿಂದ ನಿಧಾನ ತಿರುಗಿಸಿದೆ. ತಿರುಗಿಸಲು ಶುರು ಮಾಡಿದ ಕೂಡಲೇ ದಬ್ಬಳದಷ್ಟು ತೆಳ್ಳಗಿನ ಧಾರೆ ನೆಟ್ಟಗೆ ಬೀಳಬೇಕು. ನನ್ನದರಲ್ಲಿ ಮೂರರಲ್ಲಿ ಒಂದು ಪಾಲು ತಿರುಗುವವರೆಗೆ ಏನೂ ಇಲ್ಲ. ಆಮೇಲೆ ಎರಡು ಹನಿ ತೊಟ್ಟಿಕ್ಕಿ, ಕೊನೆಯಲ್ಲಿ ಸೋಮಾರಿ ಧಾರೆ. ಹುಡುಕಿದರೆ, ಪಂಪಿನ ಕಡ್ಡಿಯ ತುದಿಯಲ್ಲಿರುವ ಸ್ಪ್ಲಿಟ್ ಪಿನ್ ಒಂದು ತೂತು ಆಚೆ ಕೂತಿತ್ತು. ಸನ್ನೆ ಅಷ್ಟು ದೂರ ಖಾಲಿ ಓಡಿ ಆಮೇಲೆ ಡಯಾಫ್ರಾಮನ್ನು ಮುಟ್ಟುತ್ತಿತ್ತು. ಪಿನ್ ಕಿತ್ತು ಒಳಗಿನ ತೂತಿಗೆ ಹಾಕಿದೆ. ಧಾರೆ ತಕ್ಷಣ ಬಂತು. ಇಷ್ಟಕ್ಕೆ ಖರ್ಚಾದದ್ದು ಹತ್ತು ನಿಮಿಷ.

ಏರಿನಲ್ಲಿ ಮುಗ್ಗರಿಸುವುದು ನಿಂತಿತು. ಆದರೆ ಜಯಮಹಲ್ ರಸ್ತೆಯಲ್ಲಿ ದಾರಿ ತೆರವಾದಾಗ ಪೂರ್ತಿ ಒತ್ತಿದರೂ ಗಾಡಿ ಇನ್ನೂ ಹಿಡಿದಿಟ್ಟ ಹಾಗೆ ಓಡುತ್ತಿತ್ತು. ಶಿವಾಜಿನಗರದ ನನ್ನ ಹಳೇ ಮೇಸ್ತ್ರಿ ಭಾಯ್ ಬಂದರು. "ಸಾರ್, ನೀವು ಒಳಗೆ ಕೂತು ಪೆಡಲ್ ಪೂರ್ತಿ ಒತ್ತಿ, ನಾನು ನೋಡ್ತೀನಿ" ಅಂದರು. ಒತ್ತಿದೆ. "ಮುಕ್ಕಾಲು ಬಾಗಿಲೇ ತೆಗೀತಾ ಇರೋದು, ಸಾರ್." ಹಳೆಯದಕ್ಕೂ ಹೊಸದಕ್ಕೂ ಥ್ರಾಟಲ್ ಸನ್ನೆಯ ಉದ್ದದಲ್ಲಿ ಒಂದಿಷ್ಟು ವ್ಯತ್ಯಾಸ, ಪೆಡಲಿನಿಂದ ಬರುವ ಕಡ್ಡಿಯ ಅಳತೆಯನ್ನು ಯಾರೂ ಸರಿಪಡಿಸಿರಲಿಲ್ಲ. ಕಾರ್ಬುರೇಟರ್ ಬದಲಾಯಿಸಿದ ಮೇಲೆ ಒಬ್ಬರು ಪೆಡಲ್ ಒತ್ತಿ ಇನ್ನೊಬ್ಬರು ಗಂಟಲು ನೋಡುವ ಈ ಪರೀಕ್ಷೆ ಮಾಡದೆ ಗಾಡಿ ಹೊರಗೆ ತೆಗೆಯಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಜೊತೆಗೆ ಅಡಿಯ ಪ್ಯಾಕಿಂಗ್ ಸುತ್ತ ಗಾಳಿ ಎಳೆಯುತ್ತಿದೆಯೇ ಅಂತಲೂ ನೋಡಿ. ನಟ್ಟುಗಳನ್ನು ಒಂದೇ ಕಡೆ ಬಿಗಿದರೆ ಫ್ಲ್ಯಾಂಜ್ ಸೊಟ್ಟಗಾಗುತ್ತದೆ. ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ನಮ್ಮ ಹಿಂದಿನ ರಸ್ತೆಯಲ್ಲಿ ಒಬ್ಬ ಹಿರಿಯರ ಬಳಿ 948 ಸಿಸಿ ಮಾರಿಸ್ ಮೈನರ್ ಇದೆ. ಅವರದೂ ಇದೇ ದೂರು. ಆದರೆ ಅದರಲ್ಲಿರುವ ಎಸ್‌ಯು ಕಾರ್ಬುರೇಟರಿಗೆ ಪಂಪೇ ಇಲ್ಲ. ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಚಪ್ಪಲಿ ಬೂಟಿನ ವ್ಯಾಪಾರದ ಮನೆತನದವರು ಮಾಡಿದ್ದು, ಮೊದಮೊದಲಿನ ಮಾದರಿಗಳಲ್ಲಿ ಚರ್ಮದ ತಿದಿಯೇ ಇತ್ತು. ಆಮೇಲೆ ತಿದಿಯ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಎಂಜಿನ್ ಎಳೆದಷ್ಟು ಅದು ಮೇಲೇರಿ, ಗಾಳಿಯ ಬಾಗಿಲನ್ನು ತಾನೇ ಹಿಗ್ಗಿಸುತ್ತದೆ. ತಟ್ಟನೆ ಕಾಲೊತ್ತಿದಾಗ ಪಿಸ್ಟನ್ ಹಾರಿ ಮೇಲೆ ಹೋಗಿಬಿಟ್ಟರೆ ಬರೀ ಗಾಳಿಯೇ ಒಳಗೆ ಹೋಗುತ್ತದೆ. ಅದಕ್ಕಾಗಿ ಪಿಸ್ಟನ್ನಿನ ಟೊಳ್ಳು ಕಡ್ಡಿಯೊಳಗೆ ಎಸ್‌ಎಇ 20 ಎಣ್ಣೆ ತುಂಬಿ, ಅದರೊಳಗೆ ಒಂದು ಡ್ಯಾಂಪರ್ ಇಳಿಬಿಟ್ಟಿರುತ್ತಾರೆ. ಎಣ್ಣೆ ಪಿಸ್ಟನ್ನನ್ನು ಅರೆಕ್ಷಣ ಹಿಡಿದಿಟ್ಟುಕೊಳ್ಳುತ್ತದೆ. ಕಿರಿದಾದ ಸಂದಿಯಲ್ಲಿ ಗಾಳಿ ಜೋರಾಗಿ ನುಗ್ಗಿ ಹೆಚ್ಚು ಪೆಟ್ರೋಲು ಸೆಳೆಯುತ್ತದೆ. ಎಷ್ಟು ಸರಳ, ಎಷ್ಟು ಚಂದ! ಅವರ ಗಾಡಿಯಲ್ಲಿ ಮೇಲಿನ ಕಪ್ಪು ಮುಚ್ಚಳ ತಿರುಗಿಸಿ ಡ್ಯಾಂಪರ್ ಎತ್ತಿ ನೋಡಿದರೆ ಒಣ ಒಣ. ಹೊಸ ಕಾರ್ಬುರೇಟರ್ ಪೊಟ್ಟಣದಿಂದ ಬರುವಾಗ ಎಣ್ಣೆ ಇರುವುದಿಲ್ಲ, ಹಾಕಿದವರು ತುಂಬಿರಲಿಲ್ಲ. ಎಣ್ಣೆ ಹುಯ್ದು, ಪಿಸ್ಟನ್ ಬೆರಳಲ್ಲಿ ಎತ್ತಿ ಬಿಟ್ಟೆವು. ಎತ್ತುವಾಗ ಎಣ್ಣೆ ತಡೆಯಿತು, ಬಿಟ್ಟೊಡನೆ ಸಲೀಸಾಗಿ ಇಳಿದು ತಳಕ್ಕೆ ಟಕ್ ಅಂತ ಕೂತಿತು. ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪೂ ಸಿಕ್ಕಿಸದೆ ಜೋತಾಡುತ್ತಿತ್ತು, ಅದನ್ನೂ ಕೂರಿಸಿದೆವು.

ಇನ್ನು ನಮ್ಮ ಊರಿನದೇ ಎರಡು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಪದ್ಮಿನಿ ತಯಾರಾಗುತ್ತಿದ್ದ ಮುಂಬೈನ ಕುರ್ಲಾಕ್ಕಿಂತ ಇಲ್ಲಿನ ಗಾಳಿ ತೆಳು. ಅಲ್ಲಿಗೆ ಸರಿಯಾದ ಜೆಟ್ಟು ಇಲ್ಲಿ ಶೇಕಡ ನಾಲ್ಕೈದು ಹೆಚ್ಚು ಪೆಟ್ರೋಲು ಕುಡಿಸುತ್ತದೆ. ನಮ್ಮ ಹಳೇ ಮೇಸ್ತ್ರಿಗಳು ಒಂದು ನಂಬರ್ ಸಣ್ಣ ಮೇನ್ ಜೆಟ್ ಹಾಕುತ್ತಿದ್ದುದಕ್ಕೆ ಅರ್ಥವಿತ್ತು. ಆದರೆ ಈಗ ಲೆಕ್ಕ ತಿರುಗಿದೆ. 2023ರ ಫೆಬ್ರವರಿ 6ರಂದು ಇದೇ ಬೆಂಗಳೂರಿನಲ್ಲಿ ಪ್ರಧಾನಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಈಗ ಬಂಕಿನಲ್ಲಿ ಸಿಗುವುದು ಅದೇ. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಒಂದು ಗ್ರಾಮಿಗೆ ಬೇಕಾಗುವ ಗಾಳಿ 13.5 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಹಳೇ ಜೆಟ್ಟಿಗೆ ಮಿಶ್ರಣ ಶೇಕಡ ಎಂಟರಷ್ಟು ತೆಳುವಾಯಿತು. ಎತ್ತರ ಕೊಟ್ಟದ್ದನ್ನು ಎಥನಾಲ್ ಕಿತ್ತುಕೊಂಡು ಇನ್ನೂ ಸ್ವಲ್ಪ ಕೇಳುತ್ತಿದೆ. ಬೆಂಗಳೂರಿಗೆಂದು ಆಗ ಸಣ್ಣ ಜೆಟ್ ಹಾಕಿಸಿದವರ ಗಾಡಿ ಈಗ ಇನ್ನೂ ಹೆಚ್ಚು ಹಸಿಯುತ್ತದೆ.

ಸೋಲೆಕ್ಸ್ ಜೆಟ್ಟಿನ ಮೇಲಿನ ನಂಬರು ತೂತಿನ ಅಳತೆ. 125 ಅಂದರೆ 1.25 ಮಿಲಿಮೀಟರ್. ಅದನ್ನು 130 ಮಾಡಿದರೆ ತೂತಿನ ವಿಸ್ತೀರ್ಣ ಶೇಕಡ ಎಂಟು ಹೆಚ್ಚುತ್ತದೆ. ಕೂದಲೆಳೆಯ ವ್ಯತ್ಯಾಸಕ್ಕೆ ಇಷ್ಟು! ಅದಕ್ಕೇ ಜೆಟ್ಟಿಗೆ ತಂತಿ ತೂರಿಸಿ ಕ್ಲೀನ್ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗಾಳಿ ಊದಿ, ಅಷ್ಟೇ ಸಾಕು. ಜೆಟ್ ಬದಲಾಯಿಸುವ ಮುಂಚೆ ಚೋಕನ್ನು ಅರ್ಧ ಎಳೆದು ಅದೇ ಏರು ಹತ್ತಿಸಿ ನೋಡಿ. ಪಿಕಪ್ ಸುಧಾರಿಸಿದರೆ ಪೆಟ್ರೋಲು ಸಾಲದು, ಹದಗೆಟ್ಟರೆ ಜಾಸ್ತಿ. ಆಮೇಲೆ ಪ್ಲಗ್ ಬಿಚ್ಚಿ ನೋಡಿ. ಫಿಲ್ಟರ್ ಕಾಫಿಯ ಬಣ್ಣ ಇದ್ದರೆ ನೆಮ್ಮದಿ, ಸುಣ್ಣದ ಬಿಳುಪಾದರೆ ಒಂದು ನಂಬರ್ ದೊಡ್ಡ ಜೆಟ್ ಬೇಕು. ಪಂಪಿನ ಡಯಾಫ್ರಾಮ್ ಮತ್ತು ಪೆಟ್ರೋಲು ಪೈಪು ಎಥನಾಲ್ ತಡೆಯುವ ರಬ್ಬರಿನದೇ ಅಂತ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಿ. ಹಳೇ ರಬ್ಬರು ಎಥನಾಲಿಗೆ ಉಬ್ಬಿ ಬಿರುಕು ಬಿಡುತ್ತದೆ. ಇದೆಲ್ಲ ಆದ ಮೇಲೂ ಸೋಮಾರಿತನ ಉಳಿದರೆ ಪಾಯಿಂಟ್ ಮತ್ತು ಟೈಮಿಂಗ್ ಕಡೆ ತಿರುಗಿ.

ನಾನು ಹಳೆಯದನ್ನು ಬಿಚ್ಚಿದ್ದು ಅದರ ಥ್ರಾಟಲ್ ಕಡ್ಡಿ ಸವೆದು ಲೊಡಲೊಡ ಆಡುತ್ತಿದ್ದುದಕ್ಕೆ. ಆ ಸಂದಿಯಲ್ಲಿ ಗಾಳಿ ಎಳೆದು ಐಡ್ಲಿಂಗ್ ಏರಿಳಿಯುತ್ತಿತ್ತು. ಹೊಸದು ಸಿಕ್ಕಿತೆಂದು ಅದನ್ನು ಗುಜರಿಗೆ ಕೊಡಲು ಮನಸ್ಸಾಗಲಿಲ್ಲ. ಹಳೇ ಎರಕದ ಬಾಡಿ ಇಂದಿಗೂ ಗಟ್ಟಿಯಿದೆ, ಸವೆದದ್ದು ಎರಡು ತೂತು ಮಾತ್ರ. ಭಾಯ್ ಅದನ್ನು ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ಶಿವಾಜಿನಗರದ ಗುಜರಿ ಗಲ್ಲಿಯ ಲೇತಿನವರ ಹತ್ತಿರ ಒಯ್ದಿದ್ದಾರೆ. ತೂತು ಹಿಗ್ಗಿಸಿ ಹಿತ್ತಾಳೆ ಬುಷ್ ಕೂರಿಸಿ, ಹೊಸ ಕಡ್ಡಿ ಹಾಕಿ ಗುರುವಾರ ಕೊಡುತ್ತಾರಂತೆ. ಭಾನುವಾರ ಅದನ್ನು ಮತ್ತೆ ಪದ್ಮಿನಿಗೆ ಏರಿಸಿ, ಮೊದಲು ಟಾರ್ಚ್ ಬಿಟ್ಟು ಧಾರೆ ನೋಡಿ, ಅದೇ ಅಂಡರ್‌ಬ್ರಿಡ್ಜಿಗೆ ಇಳಿಯುತ್ತೇನೆ.