ಅಕ್ಷರವೂ ಆಕೃತಿಯೂ

ಪಾಶ್ಚಾತ್ಯರ ಅಮೂರ್ತ ಚಿತ್ರಗಳನ್ನು ಅಕ್ಷರಗಳಿಂದಲೇ ಭಿತ್ತಿಪತ್ರಗಳಾಗಿ ಮರುರಚಿಸುವ ಪ್ರಯತ್ನವು ವಿಚಾರಾರ್ಹವಾದುದು. ನಮಗಿದು ತೀರ ಹೊಸದಲ್ಲ. ಪದ್ಮಬಂಧ, ಮುರಜಬಂಧಾದಿಗಳಲ್ಲಿ ಅಕ್ಷರವೇ ಚಿತ್ರವಾಗಿತ್ತು. ವ್ಯಂಗ್ಯವಿಲ್ಲದ ಚಿತ್ರಕಾವ್ಯವನ್ನು ಮಮ್ಮಟನು ಕೆಳದರ್ಜೆಗೆ ಸೇರಿಸಿದನು. ಆ ಒರೆಗಲ್ಲು ಇಲ್ಲಿಗೂ ಸಲ್ಲುತ್ತದೆ: ಹೊರರೇಖೆಯನ್ನಷ್ಟೇ ಅನುಕರಿಸಿದ ಪತ್ರವು ಅಧಮ, ಮೂಲದ ಭಾವವನ್ನು ಧ್ವನಿಸುವುದೇ ಉತ್ತಮ.

ಮೊಂಡ್ರಿಯಾನನ ನೇರಗೆರೆಗಳಿಗೆ ರೋಮನ್ ಲಿಪಿಯು ಒಗ್ಗೀತು. ದುಂಡಾದ ಕನ್ನಡವನ್ನು ಆ ಚೌಕಗಳಲ್ಲಿ ತುರುಕಿದರೆ ಲಿಪಿಯೂ ಕೆಡುವುದು, ಚಿತ್ರವೂ ಕೆಡುವುದು. ಕಾಂಡಿನ್ಸ್ಕಿಯು 1926ರಲ್ಲಿ ಬರೆದ ‘ಹಲವು ವೃತ್ತಗಳು’ ಎಂಬ ಚಿತ್ರಕ್ಕಾದರೋ ನಮ್ಮ ಠಕಾರವೂ ಸೊನ್ನೆಯೂ ಸಹಜ ಬಂಧುಗಳು.

ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಜನ್ನನ ಶಾಸನವನ್ನು ಕಂಡ ವಾಚಕರು ಬಲ್ಲರು: ಅಲ್ಲಿ ಅಕ್ಷರವು ಅರ್ಥವನ್ನು ತೊರೆಯದೆಯೇ ಅಲಂಕಾರವಾಗಿದೆ. ಓದಲು ಬಾರದ ಅಕ್ಷರವು ಎಷ್ಟು ಚೆಲುವಾದರೂ ಬರಿಯ ಗೆರೆಯೇ ಸರಿ.